ಓಪನ್ ಪ್ಲೇಗೆ ದುಡ್ಡು ಕಟ್ಟೋ ಮುಂಚೆ ಪಾಳಿ ಹೇಗೆ ಅಂತ ಕೇಳಿ

ಬೆಂಗಳೂರಲ್ಲಿ ಈಗ ಎಲ್ಲಿ ನೋಡಿದರೂ ಪಿಕಲ್‌ಬಾಲ್ ಕೋರ್ಟ್. ಪ್ಯಾಡಲ್ ಅನ್ನೋ ಚಪ್ಪಟೆ ಬ್ಯಾಟ್ ಹಿಡಿದು ನೆಟ್ಟಿನ ಆಚೆ ಈಚೆ ಚೆಂಡು ಹೊಡೆಯೋ, ಟೆನಿಸ್ ಥರದ ಆಟ. ಜೊತೆಗಾರರು ಇಲ್ಲದವರಿಗೆ ಓಪನ್ ಪ್ಲೇ ಅಂತ ಒಂದಿರುತ್ತೆ: ತಲೆಗಿಷ್ಟು ಅಂತ ಕಟ್ಟಿ ಹೋದರೆ ಸಾಕು, ಅಲ್ಲಿ ಬಂದವರ ಜೊತೆ ಸೇರಿ ಡಬಲ್ಸ್ ಆಡಬಹುದು. ಹೋದ ಶನಿವಾರ ಸಂಜೆ 7ರಿಂದ 9ರ ತನಕದ ಆಟಕ್ಕೆ ತಲಾ 350 ರೂಪಾಯಿ ಕೊಟ್ಟು ನಾನು, ನಮ್ಮ ಅತ್ತಿಗೆ ಹೋಗಿದ್ವಿ. ಅತ್ತಿಗೆಗೆ 58 ವರ್ಷ. ಅಪಾರ್ಟ್‌ಮೆಂಟಿನಲ್ಲಿ ಎರಡು ತಿಂಗಳಿಂದ ಕಲಿತು, ಹೊರಗೆ ಆಡೋದು ಅದೇ ಮೊದಲು.

ಎರಡು ಕೋರ್ಟು, 16 ಜನ. 11 ಪಾಯಿಂಟಿನ ಗೇಮು ಕಾಲು ಗಂಟೆ ಹಿಡಿಯುತ್ತೆ ಅಂದರೂ ಪ್ರತಿಯೊಬ್ಬರಿಗೂ ನಾಲ್ಕು ಗೇಮು ಸಿಗಬೇಕು. ನನಗೆ ಸಿಕ್ಕಿದ್ದು ಎರಡು, ಅತ್ತಿಗೆಗೆ ಒಂದೇ ಒಂದು. ದಿನಾ ಬರುವ ಆರು ಜನರ ಗುಂಪು ಏಳೇಳು ಗೇಮು ಆಡಿತು.

ಹೇಗೆ ಅಂತ ಹೇಳ್ತೀನಿ. ಕೋರ್ಟಿನ ಪಕ್ಕ ಬಂದವರ ಪ್ಯಾಡಲ್‌ಗಳನ್ನು ಸಾಲಾಗಿ ಇಡ್ತಾರೆ, ಮುಂದಿನ ನಾಲ್ಕು ಪ್ಯಾಡಲ್ ಯಾರದೋ ಅವರು ಇಳಿಯಬೇಕು. ಆ ಗುಂಪಿನವರು ಗೇಮ್ ಮುಗಿಸಿ ಬಂದಾಗ ಸಾಲಿನ ಕೊನೆಗೆ ಇಡದೆ, ಸಾಲಿನ ಮುಂದಿದ್ದ ಗೆಳೆಯರ ಪ್ಯಾಡಲ್ ಪಕ್ಕ ತೂರಿಸ್ತಿದ್ದರು. ಒಂದು ಸಲ ನನ್ನ ಕಣ್ಣೆದುರೇ ಅತ್ತಿಗೆಯ ಪ್ಯಾಡಲ್ ಎತ್ತಿ ಹಿಂದಕ್ಕಿಟ್ಟರು. ನೋಡಿಕೊಳ್ಳೋಕೆ ನಿಂತಿದ್ದ ಹುಡುಗನನ್ನ ಕೇಳಿದರೆ, "ಅವರು ದಿನಾ ಬರೋರು ಮೇಡಂ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಅಂದ. ನಾವೂ ಅಷ್ಟೇ ದುಡ್ಡು ಕೊಟ್ಟಿದ್ವಲ್ಲ!

ಸಿಕ್ಕ ಆ ಒಂದು ಗೇಮಿನಲ್ಲಾದರೂ ನೆಟ್ಟಗೆ ಆಡಿಸಿದರಾ? ಚೆಂಡು ಯಾರ ಕಡೆ ಬೀಳುತ್ತೋ ಅವರೇ ಇನ್ನೋ ಔಟೋ ಹೇಳಬೇಕು. ಅನುಮಾನ ಇದ್ದರೆ ಎದುರಾಳಿಯ ಪರವಾಗೇ ಹೇಳಬೇಕು. ನಮ್ಮ ಎದುರು ಆಡಿದವರು ತಮ್ಮ ಕಡೆ ಗೆರೆ ಮುಟ್ಟಿದ್ದನ್ನು ಔಟ್ ಅಂದರು, ನಮ್ಮ ಕಡೆ ಗೆರೆ ದಾಟಿದ್ದನ್ನು ನೆಟ್ಟಿನ ಆಚೆಯಿಂದಲೇ ಇನ್ ಅಂದರು. ಅತ್ತಿಗೆಗೆ ಆಗಲ್ಲ ಅಂತ ಗೊತ್ತಾದ ಮೇಲೆ ಪ್ರತಿ ಹೊಡೆತವೂ ಅವರ ಮೇಲೇ.

6–4 ಇದ್ದಾಗ ಒಂದು ಚೆಂಡು ಎತ್ತರಕ್ಕೆ ಹೋಯಿತು. ಎದುರಿಗಿದ್ದವರು ಕಿಚನ್ ಒಳಗೇ ಕಾಲಿಟ್ಟು ಸ್ಮ್ಯಾಷ್ ಹೊಡೆದರು. ಕಿಚನ್ ಅಂದರೆ ನೆಟ್ಟಿನ ಪಕ್ಕದ 7 ಅಡಿ ಜಾಗ, ಪುಟಿಯದ ಚೆಂಡನ್ನು ಅಲ್ಲಿ ನಿಂತು ಹೊಡೆಯೋ ಹಾಗೇ ಇಲ್ಲ. ಬದಿಗೆ ಬೇಕಾದಷ್ಟು ಖಾಲಿ ಜಾಗ ಇತ್ತು, ಚೆಂಡು ಬಂದದ್ದು ನೇರ ಅತ್ತಿಗೆಯ ಮುಖಕ್ಕೆ. ತೂತಿನ ಪ್ಲಾಸ್ಟಿಕ್ ಚೆಂಡು ತಾನೇ ಅಂದುಕೋಬೇಡಿ. ಕನ್ನಡಕದ ಫ್ರೇಮ್ ಮುರಿದು ಕಣ್ಣಿನ ಕೆಳಗೆ ನೀಲಿಗಟ್ಟಿತು. ಕಣ್ಣಿಗೆ ಏನೂ ಆಗಲಿಲ್ಲ ಅನ್ನೋದೇ ಪುಣ್ಯ. ಅವರು "ಸಾರಿ" ಕೂಡ ಅನ್ನಲಿಲ್ಲ. "ಕೋರ್ಟಿಗೆ ಇಳಿದ ಮೇಲೆ ಇದೆಲ್ಲ ಇದ್ದದ್ದೇ ಆಂಟಿ" ಅಂದರು. ನನಗೆ ಇವತ್ತಿಗೂ ಹೊಟ್ಟೆ ಉರಿಯೋದು ಆ ಮಾತಿಗೆ.

ಚೆನ್ನಾಗಿ ಆಡುವವರಿಗೆ ಸಮಬಲದ ಆಟ ಬೇಕು ಅನ್ನಿಸೋದು ತಪ್ಪಲ್ಲ. ಹಾಗಿದ್ದರೆ ತಮ್ಮದೇ ಕೋರ್ಟ್ ಬುಕ್ ಮಾಡಿ ಆಡಲಿ. 1965ರಲ್ಲಿ ಅಮೆರಿಕದ ಬೇನ್‌ಬ್ರಿಡ್ಜ್ ದ್ವೀಪದಲ್ಲಿ, ಬೇಸಿಗೆಯಲ್ಲಿ ಮನೆಮಂದಿಯೆಲ್ಲ ಸೇರಿ ಆಡಲಿ ಅಂತ ಹುಟ್ಟಿದ ಆಟ ಇದು. ಅಜ್ಜಿ ಮೊಮ್ಮಗ ಒಂದೇ ಕೋರ್ಟಲ್ಲಿ ಆಡಬಹುದಾದ ಆಟಗಳು ಎಷ್ಟಿವೆ ಹೇಳಿ?

ಅದಕ್ಕೇ ದುಡ್ಡು ಹಾಕೋ ಮುಂಚೆ ಫೋನ್ ಮಾಡಿ. ಒಂದು ಕೋರ್ಟಿಗೆ ಎಷ್ಟು ಜನರನ್ನ ತಗೋತೀರಿ ಅಂತ ಕೇಳಿ, ಎಂಟು ದಾಟಿದರೆ ಕೂತಿರೋದೇ ಜಾಸ್ತಿ. ಗೇಮ್ ಮುಗಿದ ಮೇಲೆ ನಾಲ್ಕೂ ಜನ ಹೊರಗೆ ಬರ್ತಾರಾ, ಗೆದ್ದವರು ಅಲ್ಲೇ ಉಳೀತಾರಾ? ಪಾಳಿ ನೋಡಿಕೊಳ್ಳೋರು ಯಾರು? "ನೀವು ನೀವೇ ಮಾಡ್ಕೋಬೇಕು" ಅಂದರೆ ಹೊಸಬರು ಆ ಕಡೆ ಹೋಗಲೇಬೇಡಿ. ಹೋದರೂ ಕಣ್ಣಿಗೆ ಆಟದ ಕನ್ನಡಕ ಹಾಕ್ಕೊಳ್ಳಿ, ಮಾಮೂಲಿ ಕನ್ನಡಕ ಸಾಲದು.

ದುಡ್ಡು ವಾಪಸ್ ಕೇಳಿ ಮೂರು ಮೆಸೇಜ್ ಹಾಕಿದ್ದೀನಿ, ಉತ್ತರ ಇಲ್ಲ. ಅತ್ತಿಗೆಯನ್ನ ಇನ್ನೊಂದು ಸಲ ಹೊರಡಿಸಿದ್ದೀನಿ, ಹೊಸಬರಿಗೇ ಬೇರೆ ಕೋರ್ಟ್ ಇರಬೇಕು ಅನ್ನೋ ಷರತ್ತಿನ ಮೇಲೆ. ಜಯನಗರ, ಬನಶಂಕರಿ ಕಡೆ ಅಂಥ ಜಾಗ ಗೊತ್ತಿದ್ದವರು ದಯವಿಟ್ಟು ತಿಳಿಸಿ.