ಪಿಟ್ಯುಟರಿ ಗೆಡ್ಡೆ: ಅಳತೆಯೋ, ಹಾರ್ಮೋನೋ, ಕೋಶದ ಮೂಲವೋ?

ಮಿದುಳಿನ ಬುಡದಲ್ಲಿರುವ, ಹಾರ್ಮೋನುಗಳನ್ನು ಸ್ರವಿಸುವ ಪಿಟ್ಯುಟರಿ ಗ್ರಂಥಿಯಲ್ಲಿ ಗೆಡ್ಡೆ ಇದೆ ಎನ್ನುವ ತಂದೆಯವರ ಎಂಆರ್‌ಐ ವರದಿ ಹಿಡಿದು, ಅಳತೆ, ಹಾರ್ಮೋನು, ಕೋಶದ ಮೂಲ ಎಂಬ ಮೂರು ವರ್ಗೀಕರಣಗಳಲ್ಲಿ ಯಾವುದನ್ನು ನೆಚ್ಚಬೇಕೆಂದು ಜಯನಗರದ ಓದುಗರೊಬ್ಬರು ಕೇಳಿದ್ದಾರೆ.

ಅಳತೆಯ ವಿಂಗಡಣೆ ಸರಳ: 10 ಮಿಲಿಮೀಟರ್‌ಗಿಂತ ಚಿಕ್ಕದು ಮೈಕ್ರೋ, ಉಳಿದದ್ದು ಮ್ಯಾಕ್ರೋ. ಬಾಗಿಲಿನ ಚೌಕಟ್ಟಿಗೆ ಭುಜ ತಾಗುವಷ್ಟು ಅಕ್ಕಪಕ್ಕದ ನೋಟ ಕುಗ್ಗಿದ್ದರೆ, ದೃಷ್ಟಿನರವನ್ನು ಒತ್ತುತ್ತಿರುವ ಗೆಡ್ಡೆಯ ಗಾತ್ರವೇ ಮುಖ್ಯ.

ಮಾತ್ರೆಯೋ ಶಸ್ತ್ರಚಿಕಿತ್ಸೆಯೋ ಎಂಬ ಪ್ರಶ್ನೆಗೆ ಹಾರ್ಮೋನಿನ ವರ್ಗೀಕರಣವೇ ಹೆಚ್ಚು ನೆರವಾಗುತ್ತದೆ. ಪ್ರೊಲ್ಯಾಕ್ಟಿನ್ (ಎದೆಹಾಲು ಉತ್ಪತ್ತಿಗೆ ನೆರವಾಗುವ ಹಾರ್ಮೋನ್) ಸ್ರವಿಸುವ ಗೆಡ್ಡೆಗೆ ಸಾಮಾನ್ಯವಾಗಿ ಕ್ಯಾಬರ್ಗೋಲಿನ್ ಮಾತ್ರೆ, ಬೆಳವಣಿಗೆಯ ಹಾರ್ಮೋನ್ ಅಥವಾ ಎಸಿಟಿಎಚ್ (ಅಡ್ರಿನಲ್ ಗ್ರಂಥಿಯನ್ನು ಪ್ರಚೋದಿಸುವ ಹಾರ್ಮೋನ್) ಸ್ರವಿಸುವುದಕ್ಕೆ ಬಹುತೇಕ ಮೂಗಿನ ಮೂಲಕ ಮಾಡುವ ಶಸ್ತ್ರಚಿಕಿತ್ಸೆ ಮೊದಲ ಆಯ್ಕೆ. (ಪ್ರೊಲ್ಯಾಕ್ಟಿನ್ ತುಸು ಏರಿದ ಮಾತ್ರಕ್ಕೆ ಗಾಬರಿ ಬೇಡ, ಕೆಲವು ಔಷಧಗಳಿಂದಲೂ ಅದು ಏರುತ್ತದೆ.)

ವಿಶ್ವ ಆರೋಗ್ಯ ಸಂಸ್ಥೆಯ 2022ರ ವರ್ಗೀಕರಣವು ಪಿಟ್1, ಟಿಪಿಟ್, ಎಸ್‌ಎಫ್1 ಎಂಬ ಪ್ರೋಟೀನ್‌ಗಳಿಂದ ಕೋಶದ ಮೂಲವನ್ನು ಗುರುತಿಸುತ್ತದೆ. ಅದಕ್ಕೆ ತೆಗೆದ ಅಂಗಾಂಶವೇ ಬೇಕಾದ್ದರಿಂದ, ಶಸ್ತ್ರಚಿಕಿತ್ಸೆಯ ನಂತರದ ನಿಗಾ ನಿರ್ಧರಿಸುವಾಗ ಅದು ಉಪಯುಕ್ತ.