ಕಲಬುರಗಿಯ ಬಿಸಿಲು, ಧೂಳು ಮತ್ತು ಸಿಂಥೆಟಿಕ್ ಎಂಜಿನ್ ಆಯಿಲ್

ನಮ್ಮ ಮನೆಯಲ್ಲಿರುವುದು 1.2 ಲೀಟರ್ ಪೆಟ್ರೋಲ್ ಎಂಜಿನ್‌ನ, ಎರಡನೆಯ ಕೈಯಿಂದ ಬಂದ ಸ್ವಿಫ್ಟ್. ಹಿಂದಿನ ಮಾಲೀಕರ ಕಾಲದಿಂದಲೂ ಅದಕ್ಕೆ 20ಡಬ್ಲ್ಯು-40 ದರ್ಜೆಯ ಮಿನರಲ್ ಆಯಿಲ್, ಅಂದರೆ ಕಚ್ಚಾ ತೈಲವನ್ನು ಶುದ್ಧೀಕರಿಸಿ ತೆಗೆದ ಸಾಮಾನ್ಯ ಆಯಿಲ್, ಬೀಳುತ್ತಿತ್ತು. ಕಳೆದ ಬೇಸಿಗೆಗೆ ಮುನ್ನ ಅದನ್ನು ಪೂರ್ತಿ ಇಳಿಸಿ, ಶೆಲ್ ಹೆಲಿಕ್ಸ್ ಎಚ್‌ಎಕ್ಸ್8 ಸರಣಿಯ 5ಡಬ್ಲ್ಯು-30 ಸಿಂಥೆಟಿಕ್ ಆಯಿಲ್ ತುಂಬಿಸಿದೆ. ಒಂದು ಕಡು ಬೇಸಿಗೆ ಮತ್ತು ಒಂದು ಮಳೆಗಾಲ ಕಳೆದ ಮೇಲೆ ನನ್ನ ಅಭಿಪ್ರಾಯವಿಷ್ಟು: ಕೊಟ್ಟ ಹಣಕ್ಕೆ ಆಯಿಲ್ ಮೋಸ ಮಾಡಿಲ್ಲ, ಆದರೆ ಅಂಗಡಿಯವರು ಯಾವ ಕಾರಣ ಹೇಳಿ ಅದನ್ನು ಮಾರುತ್ತಾರೋ ಆ ಕಾರಣಕ್ಕಲ್ಲ. ಅದರ ಲಾಭ ಉಳಿಯುವುದೂ ಹೋಗುವುದೂ ನಮ್ಮ ಭಾಗದಲ್ಲಿ ಬಿಸಿಲಿಗಿಂತ ಹೆಚ್ಚಾಗಿ ಧೂಳಿನ ಕೈಯಲ್ಲಿದೆ.

ಆಯಿಲ್ ಬದಲಿಸಿದ್ದು ಹುಮನಾಬಾದ್ ರಿಂಗ್ ರಸ್ತೆಯ ಒಂದು ಸಾಧಾರಣ ಗ್ಯಾರೇಜಿನಲ್ಲಿ. ಡಬ್ಬಿಯ ಮೇಲಿನ ಅಂಕಿ ನೋಡಿದ ಕೂಡಲೇ ಅಲ್ಲಿನ ಮಿಸ್ತ್ರಿ ತಲೆಯಾಡಿಸಿದರು. “ಸಾಹೇಬ್ರ, ನಮ್ಮ ಕಲಬುರಗಿ ಬಿಸಲಿಗಿ ದಪ್ಪ ಆಯಿಲೇ ಬೇಕ್ರಿ. ಇದು ನೀರ್ ಇದ್ದಂಗ ಅದ, ಮೇ ತಿಂಗಳದಾಗ ತಡಿಯಂಗಿಲ್ಲ” ಎಂದರು. ಈ ಭಾಗದಲ್ಲಿ ಹತ್ತು ಗ್ಯಾರೇಜು ಸುತ್ತಿದರೆ ಎಂಟರಲ್ಲಿ ಇದೇ ಮಾತು ಕೇಳಿಬರುತ್ತದೆ. ಅದರ ಹಿಂದಿನ ತರ್ಕ ಮೇಲ್ನೋಟಕ್ಕೆ ಸರಿಯಾಗಿಯೇ ಕಾಣುವುದರಿಂದ, ಅದನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಡಬ್ಲ್ಯು ಅಕ್ಷರದ ಹಿಂದಿನ ಅಂಕಿ ಚಳಿಯಲ್ಲಿ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದನ್ನೂ, ಮುಂದಿನ ಅಂಕಿ 100 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅದರ ಸ್ನಿಗ್ಧತೆ, ಅಂದರೆ ದಪ್ಪ, ಎಷ್ಟು ಉಳಿದಿರುತ್ತದೆ ಎಂಬುದನ್ನೂ ಸೂಚಿಸುತ್ತವೆ. ಎಂಜಿನ್ ತಿರುಗಿಸುವ ಪರೀಕ್ಷೆ 5ಡಬ್ಲ್ಯು ಆಯಿಲಿಗೆ ಮೈನಸ್ 30 ಡಿಗ್ರಿಯಲ್ಲಿ ನಡೆದರೆ 20ಡಬ್ಲ್ಯು ಆಯಿಲಿಗೆ ಮೈನಸ್ 15 ಡಿಗ್ರಿಯಲ್ಲಿ ನಡೆಯುತ್ತದೆ. ಸಂಕ್ರಾಂತಿಯ ಮುಂಜಾವಿನಲ್ಲಿಯೂ ಅದರ ಹತ್ತಿರಕ್ಕೆ ಸುಳಿಯದ ನಮ್ಮ ಊರಿಗೆ ಆ ಪರೀಕ್ಷೆಯಿಂದ ಆಗಬೇಕಾದದ್ದು ಕಡಿಮೆ. ಇನ್ನು ಬಿಸಿಲಿನ ಮಾತು. ಹೊರಗೆ 44 ಡಿಗ್ರಿ ಇದ್ದರೂ 24 ಡಿಗ್ರಿ ಇದ್ದರೂ ಥರ್ಮೋಸ್ಟಾಟ್ ಮತ್ತು ರೇಡಿಯೇಟರ್ ಫ್ಯಾನ್ ಸರಿಯಾಗಿದ್ದರೆ ಕೂಲಂಟಿನ ಶಾಖ 90 ಡಿಗ್ರಿಯ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ಆಯಿಲ್ ಅದಕ್ಕಿಂತ ಸ್ವಲ್ಪ ಮೇಲಿರುತ್ತದೆ. ನಮ್ಮ ಬೇಸಿಗೆ ಅದಕ್ಕೆ ಕೆಲವು ಡಿಗ್ರಿ ಸೇರಿಸಬಹುದೇ ಹೊರತು, 30ರ ದರ್ಜೆಗೆಂದು ರೂಪಿಸಿದ ಎಂಜಿನ್ನಿಗೆ 40ರ ದರ್ಜೆ ಬೇಕಾಗುವಷ್ಟು ಬದಲಾವಣೆ ತರುವುದಿಲ್ಲ. ಬೇರಿಂಗ್‌ಗಳ ನಡುವಿನ ಸಂದು ಇಷ್ಟೇ ಇರಬೇಕೆಂದು ಲೆಕ್ಕ ಹಾಕಿ ಎಂಜಿನ್ ಕಟ್ಟಿರುತ್ತಾರೆ. ಆದ್ದರಿಂದ ಆ ಸಂದಿಗೆ ಹೊಂದುವ ದರ್ಜೆಯನ್ನು ಗಾಡಿಯ ಕೈಪಿಡಿ ನೋಡಿ ಆರಿಸಬೇಕು, ಕ್ಯಾಲೆಂಡರ್ ನೋಡಿ ಅಲ್ಲ.

ಹಾಗಾದರೆ ಸಿಂಥೆಟಿಕ್‌ನಿಂದ ನಮಗಾಗುವ ಪ್ರಯೋಜನವೇನು? ಶಾಖಕ್ಕೆ ಆಯಿಲ್ ತೆಳುವಾಗುವುದು ಒಂದು ಸಂಗತಿ, ಶಾಖಕ್ಕೆ ಆಯಿಲ್ ಕೆಡುವುದು ಇನ್ನೊಂದು. ಬಿಸಿಯಾದ ಆಯಿಲ್ ಗಾಳಿಯಲ್ಲಿನ ಆಮ್ಲಜನಕದೊಂದಿಗೆ ಬೆರೆತು ಕ್ರಮೇಣ ಗಟ್ಟಿಯಾಗುತ್ತದೆ, ಅದರ ಹಗುರ ಭಾಗ ಆವಿಯಾಗಿ ಹೋಗುತ್ತದೆ, ಉಳಿದದ್ದು ವಾರ್ನಿಶ್‌ನಂತೆ ಲೋಹಕ್ಕೆ ಅಂಟಿಕೊಳ್ಳುತ್ತದೆ. ಮಿನರಲ್ ಆಯಿಲಿನಲ್ಲಿ ಕಚ್ಚಾ ತೈಲದಿಂದ ಬಂದ ಗಂಧಕವೂ ಅಸ್ಥಿರ ಅಣುಗಳೂ ಹೆಚ್ಚಾಗಿ ಉಳಿದಿರುವುದರಿಂದ ಈ ಕೆಡುವಿಕೆ ಬೇಗ ಆಗುತ್ತದೆ. ಸಿಂಥೆಟಿಕ್ ಅದನ್ನು ಹೆಚ್ಚು ಕಾಲ ತಡೆಯುತ್ತದೆ. ಸೂಪರ್ ಮಾರ್ಕೆಟ್ ಬಳಿಯ ನಡು ಮಧ್ಯಾಹ್ನದ ದಟ್ಟಣೆಯಲ್ಲಿ ಎ.ಸಿ. ಹಾಕಿಕೊಂಡು ನಿಂತಲ್ಲೇ ನಿಲ್ಲುವ ಗಾಡಿಗೂ, ಬೀದರ್ ಕಡೆಗೆ ಎಡೆಬಿಡದೆ ಓಡುವ ಗಾಡಿಗೂ ಈ ಗುಣ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಆಯಿಲನ್ನು ಇನ್ನಷ್ಟು ಕಾಯಿಸುವ ಟರ್ಬೊ ಎಂಜಿನ್ ಇದ್ದವರಿಗಂತೂ ಇದರಲ್ಲಿ ಆಯ್ಕೆಯ ಪ್ರಶ್ನೆಯೇ ಇಲ್ಲ.

ಡಬ್ಬಿಯ ಮೇಲಿನ ‘ಸಿಂಥೆಟಿಕ್’ ಎಂಬ ಬರಹದ ಬಗ್ಗೆ ಒಂದು ಎಚ್ಚರಿಕೆ ಇರಲಿ. ಮೂಲ ತೈಲಗಳನ್ನು ಐದು ಗುಂಪುಗಳಾಗಿ ವಿಂಗಡಿಸುತ್ತಾರೆ: ಮೊದಲೆರಡು ಮಿನರಲ್, ಮೂರನೆಯದು ಕಚ್ಚಾ ತೈಲವನ್ನೇ ಹೈಡ್ರೋಜನ್ ಬಳಸಿ ತೀವ್ರವಾಗಿ ಸಂಸ್ಕರಿಸಿದ್ದು, ನಾಲ್ಕನೆಯದು ರಾಸಾಯನಿಕವಾಗಿ ಕಟ್ಟಿದ ಪಿಎಒ (ಪಾಲಿಆಲ್ಫಾಒಲೆಫಿನ್), ಐದನೆಯದರಲ್ಲಿ ಎಸ್ಟರ್ ಮೊದಲಾದವು ಬರುತ್ತವೆ. 1999ರಲ್ಲಿ ಅಮೆರಿಕದ ಜಾಹೀರಾತು ಸ್ವಯಂನಿಯಂತ್ರಣ ಮಂಡಳಿಯೊಂದು, ಮೊಬಿಲ್ ಎತ್ತಿದ ಆಕ್ಷೇಪವನ್ನು ಒಪ್ಪದೆ, ಮೂರನೆಯ ಗುಂಪಿನ ತೈಲವನ್ನೂ ಸಿಂಥೆಟಿಕ್ ಎಂದು ಕರೆಯಲು ಕ್ಯಾಸ್ಟ್ರಾಲ್ ಕಂಪನಿಗೆ ಅವಕಾಶ ಕೊಟ್ಟಿತು. ಇಂದು ಅಂಗಡಿಯಲ್ಲಿ ಸಿಗುವ ಬಹುಪಾಲು ಸಿಂಥೆಟಿಕ್ ಆಯಿಲುಗಳು ಈ ಮೂರನೆಯ ಗುಂಪಿನವೇ. ಅದರಲ್ಲಿ ತಪ್ಪೇನಿಲ್ಲ, ಕೆಲಸ ಚೆನ್ನಾಗಿಯೇ ಮಾಡುತ್ತವೆ. ಆದರೆ ‘ಸಿಂಥೆಟಿಕ್ ಟೆಕ್ನಾಲಜಿ’ ಎಂದೋ ‘ಸೆಮಿ ಸಿಂಥೆಟಿಕ್’ ಎಂದೋ ಬರೆದ ಡಬ್ಬಿಗೆ ಪೂರ್ಣ ಸಿಂಥೆಟಿಕ್‌ನ ಬೆಲೆ ತೆರಬೇಕಾಗಿಲ್ಲ. ಬಣ್ಣದ ಚಿತ್ರಗಳನ್ನು ಬಿಟ್ಟು, ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ದರ್ಜೆಯೂ ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಗುಣಮಟ್ಟದ ಗುರುತೂ ಇವೆಯೇ ಎಂದು ನೋಡಬೇಕು. ಪೆಟ್ರೋಲ್ ಗಾಡಿಗಳಿಗೆ 2020ರಲ್ಲಿ ಬಂದ ಎಸ್‌ಪಿ, ಅದಕ್ಕೂ ಮುಂಚಿನ ಎಸ್‌ಎನ್ ಇವೆರಡೇ ಈಗ ಹೆಚ್ಚಾಗಿ ಕಾಣಸಿಗುತ್ತವೆ.

ಬದಲಾವಣೆಯ ಕೆಲಸ ಸರಳವಾದದ್ದು. ಎಂಜಿನ್ ಬೆಚ್ಚಗಿರುವಾಗಲೇ ಡ್ರೈನ್ ನಟ್ ಬಿಚ್ಚಿದರು. ಮೊದಲು ಕರ‍್ರಗೆ ದಪ್ಪ ಧಾರೆಯಾಗಿ ಬಿದ್ದ ಹಳೆಯ ಆಯಿಲ್ ನಂತರ ನೂಲಿನಂತಾಗಿ, ಕೊನೆಗೆ ಬಿಟ್ಟು ಬಿಟ್ಟು ತೊಟ್ಟಿಕ್ಕುವವರೆಗೂ ಮಿಸ್ತ್ರಿ ಅವಸರ ಮಾಡದೆ ಕಾದದ್ದು ಈ ಗ್ಯಾರೇಜಿನ ಬಗ್ಗೆ ನಾನು ಹೇಳಬಹುದಾದ ಅತಿ ಒಳ್ಳೆಯ ಮಾತು. ನಟ್ಟಿನ ವಾಷರ್ ಹೊಸದು, ಫಿಲ್ಟರ್ ಹೊಸದು, ಫಿಲ್ಟರಿನ ರಬ್ಬರ್ ರಿಂಗಿಗೆ ಬೆರಳಿನಿಂದ ಹೊಸ ಆಯಿಲ್ ಸವರಿ ಕೈಯಿಂದಲೇ ಬಿಗಿ ಮಾಡಿದರು. ಎಂಜಿನ್ನಿನ ಒಳಗನ್ನು ತೊಳೆಯುವ ಫ್ಲಶ್ ಹಾಕಿಸಬೇಕೆಂದು ಅವರೂ ಒತ್ತಾಯಿಸಲಿಲ್ಲ. ಮಿನರಲ್‌ನಿಂದ ಸಿಂಥೆಟಿಕ್‌ಗೆ ಹೋಗಲು ಅದರ ಅಗತ್ಯವಿಲ್ಲ, ಎರಡೂ ಒಂದರೊಡನೊಂದು ಬೆರೆಯುತ್ತವೆ. ಬೆಲೆ ಮಾತ್ರ ಮಿನರಲ್‌ಗೆ ಹೋಲಿಸಿದರೆ ಸುಮಾರು ಎರಡು ಪಟ್ಟು.

ನಾನು ಕಂಡ ವ್ಯತ್ಯಾಸಗಳು ದೊಡ್ಡವಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮೇಲ್ಭಾಗದಿಂದ ಬರುತ್ತಿದ್ದ ಟಕಟಕ ಸದ್ದು ಬೇಗ ಅಡಗುತ್ತದೆ. ಇದರಲ್ಲಿ ಸಿಂಥೆಟಿಕ್‌ನ ಪಾಲಿಗಿಂತ ಸರಿಯಾದ ದರ್ಜೆಯ ಪಾಲೇ ದೊಡ್ಡದಿರಬಹುದು. ಆಯಿಲ್ ಅಳೆಯುವ ಗೇಜ್ ಕಡ್ಡಿ ಎಳೆದು ನೋಡಿದಾಗಲೆಲ್ಲ ಮಟ್ಟ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಎವರೇಜ್ (ಮೈಲೇಜ್) ಬಗ್ಗೆ ಮಾರುವವರು ಹೇಳುವ ಹೆಚ್ಚಳ ನನ್ನ ಗಾಡಿಯಲ್ಲಿ ಕಣ್ಣಿಗೆ ಬೀಳುವಷ್ಟಿಲ್ಲ. ಆಯಿಲ್ ಬೇಗ ಕಪ್ಪಾಯಿತೆಂದು ಕೆಲವರು ಗಾಬರಿಯಾಗುತ್ತಾರೆ. ಒಳಗಿನ ಹಳೆಯ ಕೊಳೆಯನ್ನು ಆಯಿಲಿನ ಡಿಟರ್ಜೆಂಟ್ ಅಂಶ ಎತ್ತಿಕೊಳ್ಳುತ್ತಿದ್ದರೆ ಹಾಗಾಗುವುದು ಸಹಜ.

ಈಗ ಧೂಳಿಗೆ ಬರೋಣ. ನನ್ನ ಓಡಾಟ ಹೆಚ್ಚಾಗಿ ಸೇಡಂ ರಸ್ತೆಯಲ್ಲಿ, ಮಳಖೇಡದ ಸಿಮೆಂಟ್ ಲಾರಿಗಳ ಹಿಂದೆ. ಆಗಾಗ ಶಹಾಬಾದ್, ವಾಡಿ ಕಡೆಗೂ ಹೋಗುತ್ತೇನೆ. ಮೇ ಕೊನೆಗೆ ಏರ್ ಫಿಲ್ಟರ್ ಡಬ್ಬಿ ತೆಗೆಸಿ ನೋಡಿದರೆ ಕಾಗದದ ಮಡಿಕೆಗಳ ತಳದಲ್ಲಿ ಬೂದು ಬಣ್ಣದ ನುಣುಪು ಪುಡಿ ಸಾಲುಗಟ್ಟಿ ಕೂತಿತ್ತು. ಕುಟ್ಟಿದಾಗ ನೆಲದ ಮೇಲೆ ಪಟ್ಟೆ ಮೂಡಿತು. ಈ ಪುಡಿಯಲ್ಲಿ ಸ್ವಲ್ಪವಾದರೂ ಫಿಲ್ಟರ್ ದಾಟಿ ಒಳಹೊಕ್ಕರೆ ಅದನ್ನು ನಿವಾರಿಸುವ ಶಕ್ತಿ ಯಾವ ಸಿಂಥೆಟಿಕ್‌ಗೂ ಇಲ್ಲ. ಎಷ್ಟೇ ದುಬಾರಿಯ ಆಯಿಲ್ ಆದರೂ ಕಲ್ಲಿನ ಕಣ ಬೆರೆತ ಮೇಲೆ ಪಿಸ್ಟನ್ ಉಂಗುರಗಳನ್ನು ಉಜ್ಜಲು ತೊಡಗುತ್ತದೆ. ಹಾಗಾಗಿ “ಸಿಂಥೆಟಿಕ್ ಹಾಕಿಸಿದ್ದೀರಿ, ಹದಿನೈದು ಸಾವಿರ ಕಿಲೋಮೀಟರ್ ಚಿಂತೆಯಿಲ್ಲ” ಎಂಬ ಭರವಸೆಯನ್ನು ನಾನು ಒಪ್ಪುವುದಿಲ್ಲ. ಸಾಮಾನ್ಯ ಬಳಕೆಗೆ 10,000 ಕಿಲೋಮೀಟರ್ ಅಥವಾ ಒಂದು ವರ್ಷ ಎಂಬ ಲೆಕ್ಕವಿದ್ದರೆ, ಧೂಳಿನ ರಸ್ತೆ ಮತ್ತು ಎಂಜಿನ್ ಬಿಸಿಯಾಗುವಷ್ಟರಲ್ಲಿ ಮುಗಿಯುವ ಸಣ್ಣ ಓಡಾಟಗಳಿಗೆ ಅದಕ್ಕೂ ಮೊದಲೇ ಬದಲಿಸಬೇಕೆಂದು ಕೈಪಿಡಿಗಳೇ ಹೇಳುತ್ತವೆ. ಏರ್ ಫಿಲ್ಟರಿಗೆ ಖರ್ಚು ಮಾಡದವರು ಆಯಿಲಿಗೆ ಎರಡು ಪಟ್ಟು ಖರ್ಚು ಮಾಡುವುದರಲ್ಲಿ ಅರ್ಥವಿಲ್ಲ.

ಹೊಗೆಯುಗುಳುತ್ತ ಆಯಿಲ್ ಕುಡಿಯುವ ಹಳೆಯ ಎಂಜಿನ್‌ಗಳಿಗೆ ಈ ಬದಲಾವಣೆಯನ್ನು ನಾನು ಸೂಚಿಸುವುದಿಲ್ಲ. ಸೋರುವ ಜಾಗವನ್ನು ಕೊಳೆಯೇ ಮುಚ್ಚಿಕೊಂಡಿದ್ದರೆ ಅದು ತೊಳೆದುಹೋಗಿ ಸೋರಿಕೆ ಬಯಲಾಗಬಹುದು, ದುಬಾರಿ ಆಯಿಲ್ ನೆಲದ ಪಾಲಾಗಬಹುದು. ಬೈಕಿನವರು ಕಾರಿನ ಡಬ್ಬಿಯಲ್ಲಿ ಉಳಿದದ್ದನ್ನು ಸುರಿಯಬಾರದು. ಬಹುತೇಕ ಬೈಕುಗಳಲ್ಲಿ ಕ್ಲಚ್ಚು ಅದೇ ಆಯಿಲಿನಲ್ಲಿ ಮುಳುಗಿರುವುದರಿಂದ ಜಾಸೊ (ಜಪಾನಿನ ವಾಹನ ಗುಣಮಟ್ಟ ಸಂಸ್ಥೆ) ಎಂಎ ಅಥವಾ ಎಂಎ2 ಗುರುತಿನ ಆಯಿಲೇ ಬೇಕು. ಇಲ್ಲದಿದ್ದರೆ ಕ್ಲಚ್ಚು ಜಾರುತ್ತದೆ.

ಕೊಳ್ಳುವಾಗ ಮುಚ್ಚಳದ ಸೀಲ್ ನಿಮ್ಮ ಕಣ್ಣೆದುರಿಗೇ ಒಡೆಯಲಿ, ಬಿಲ್ಲಿನಲ್ಲಿ ಹೆಸರು ಮತ್ತು ದರ್ಜೆ ಬರೆಸಿಕೊಳ್ಳಿ, ಖಾಲಿ ಡಬ್ಬಿಯನ್ನು ಅಲ್ಲಿಯೇ ಸ್ಕ್ರೂಡ್ರೈವರಿನಿಂದ ತೂತು ಮಾಡಿಸಿ. ಇಲ್ಲದಿದ್ದರೆ ಅದೇ ಡಬ್ಬಿ ಬೇರೆ ಆಯಿಲ್ ತುಂಬಿಕೊಂಡು ಮತ್ತೆ ಮಾರಾಟಕ್ಕೆ ಬರಬಹುದು. ನನ್ನದು 3.5 ಲೀಟರಿನ ಡಬ್ಬಿಯಾದ್ದರಿಂದ ಸ್ವಲ್ಪ ಉಳಿದಿತ್ತು, ಅದನ್ನು ಮಟ್ಟ ಇಳಿದಾಗ ಹಾಕಲು ಮನೆಗೆ ತಂದೆ. ಇಳಿಸಿದ ಹಳೆಯ ಆಯಿಲನ್ನು ಗ್ಯಾರೇಜಿನವರು ಸೆಂಟ್ರಿಂಗ್ ಕೆಲಸದವರಿಗೆ ಹಲಗೆಗೆ ಸವರಲು ಕೊಡುತ್ತಾರಂತೆ. ನಿಯಮದ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯವಾಗಿದ್ದು ಅಧಿಕೃತ ಮರುಸಂಸ್ಕರಣೆಗೇ ಹೋಗಬೇಕು. ಈ ಒಂದು ವಿಷಯದಲ್ಲಿ ಮಾತ್ರ ಗ್ಯಾರೇಜಿಗೆ ಪೂರ್ಣ ಅಂಕ ಕೊಡಲಾರೆ.