ಡಿವಿಆರ್ ಸಾಕಾ, ಎನ್‌ವಿಆರ್ ಬೇಕಾ?

ಸಿಸಿಟಿವಿ ಕ್ಯಾಮೆರಾದ ಚಿತ್ರ ಉಳಿಸಿಡುವ ರೆಕಾರ್ಡರ್‌ನಲ್ಲಿ ಎರಡು ಬಗೆ: ಕೋಆಕ್ಸಿಯಲ್ (ಟಿವಿ ಕೇಬಲ್‌ನಂಥ ದುಂಡನೆಯ) ಕೇಬಲ್‌ಗೆ ಡಿವಿಆರ್, ನೆಟ್‌ವರ್ಕ್ ಕೇಬಲ್‌ಗೆ ಎನ್‌ವಿಆರ್. ಮನೆಯಲ್ಲಿ ಹಳೆಯ ಕೋಆಕ್ಸಿಯಲ್ ಕೇಬಲ್ ಚೆನ್ನಾಗಿದ್ದರೆ ಡಿವಿಆರ್ ತೆಗೆದುಕೊಳ್ಳಿ, ಸುಮ್ನೆ ಗೋಡೆ ಕೊರೆಸಬೇಡಿ. ಹೊಸದಾಗಿ ವೈರಿಂಗ್ ಮಾಡಿಸುವುದಾದರೆ ಎನ್‌ವಿಆರ್, ಅದೂ ಪಿಒಇ (ನೆಟ್‌ವರ್ಕ್ ಕೇಬಲ್‌ನಲ್ಲೇ ಕರೆಂಟ್ ಕೊಡುವ ಸೌಲಭ್ಯ) ಇರುವುದೇ ಬೇಕು. ಒಂದೇ ಕ್ಯಾಟ್ 6 ನೆಟ್‌ವರ್ಕ್ ಕೇಬಲ್‌ನಲ್ಲಿ ಚಿತ್ರವೂ ಬರುತ್ತದೆ, ಕರೆಂಟೂ ಹೋಗುತ್ತದೆ, ಪ್ರತಿ ಕ್ಯಾಮೆರಾ ಪಕ್ಕ ಅಡಾಪ್ಟರ್ ನೇತಾಡುವುದಿಲ್ಲ. ಆದರೆ ಆ ಕೇಬಲ್ 100 ಮೀಟರ್ ದಾಟಬಾರದು, ತೋಟದ ಗೇಟಿನಂಥ ದೂರಕ್ಕೆ ಕೋಆಕ್ಸಿಯಲ್ಲೇ ಸಲೀಸು.

ಕೆಟ್ಟಾಗ ರಿಪೇರಿಗೆ ಡಿವಿಆರ್ ಸುಲಭ. ಚಿತ್ರ ಹೋದರೆ ಕೋಆಕ್ಸಿಯಲ್ ಕೇಬಲ್ ತುದಿಯ ಬಿಎನ್‌ಸಿ ಕನೆಕ್ಟರ್ ಅಲುಗಾಡಿಸಿ, ಆಮೇಲೆ 12 ವೋಲ್ಟ್ ಅಡಾಪ್ಟರ್ ನೋಡಿ. ಎನ್‌ವಿಆರ್‌ಗೆ ತಲೆ ಸ್ವಲ್ಪ ಜಾಸ್ತಿ ಓಡಿಸಬೇಕು. ನಮ್ಮನೆ ಗೇಟಿನ ಕ್ಯಾಮೆರಾ ಎರಡು ದಿನ ಕಾಣಿಸಲೇ ಇಲ್ಲ. ನೋಡಿದರೆ ರೆಕಾರ್ಡರ್‌ನ ಐಪಿ (ನೆಟ್‌ವರ್ಕ್ ವಿಳಾಸ) 192.168.1ರ ಸಾಲಿನಲ್ಲಿ, ಕ್ಯಾಮೆರಾದ್ದು 192.168.0ರ ಸಾಲಿನಲ್ಲಿ! ಸಾಲು ಬೇರೆಯಾದರೆ ಒಂದಕ್ಕೊಂದು ಕಾಣುವುದಿಲ್ಲ. ಕ್ಯಾಮೆರಾದ ಐಪಿ ಬದಲಿಸಿದ ಕೂಡಲೇ ಚಿತ್ರ ಬಂತು.